ಗುಜರಿಯೋ ರಿಪೇರಿಯೋ: ಒಂದು ಕಾರು ವಿಮೆಯ ಲೆಕ್ಕಾಚಾರ

ಅಪಘಾತದಲ್ಲಿ ಜಜ್ಜಿಹೋದ ಕಾರು ಮತ್ತೆ ರಸ್ತೆಗೆ ಬರುತ್ತದೆಯೋ ಗುಜರಿ ಸೇರುತ್ತದೆಯೋ ಎಂಬುದನ್ನು ಗ್ಯಾರೇಜಿನವರು ಹೇಳುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಸಮಗ್ರ ವಿಮೆ ಇರುವ ಕಾರಿನ ಮಟ್ಟಿಗೆ ಅದನ್ನು ತೀರ್ಮಾನಿಸುವುದು ಪಾಲಿಸಿಯಲ್ಲಿರುವ ಒಂದು ವಾಕ್ಯ. ಕಾರನ್ನು ಸಾಗಿಸುವ ಮತ್ತು ರಿಪೇರಿ ಮಾಡುವ ಒಟ್ಟು ವೆಚ್ಚ, ಪಾಲಿಸಿಯ ನಿಯಮಗಳಿಗೆ ಒಳಪಟ್ಟು, ಐಡಿವಿಯ ಶೇ 75ನ್ನು ಮೀರಿದರೆ ಆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸತಕ್ಕದ್ದು ಎಂಬುದು ಅದರ ಸಾರ. ಐಡಿವಿ ಎಂದರೆ ಪಾಲಿಸಿ ಮಾಡಿಸುವಾಗ ಕಾರಿಗೆ ಕಟ್ಟಿದ, ನಾವೂ ಕಂಪನಿಯೂ ಒಪ್ಪಿಕೊಂಡ ಮೌಲ್ಯ. 2025ರ ಜನವರಿಯಲ್ಲಿ ಹಿರಿಯೂರಿನ ಬಳಿ ನಮ್ಮ ಕಾರು ಎರಡು ಲಾರಿಗಳ ನಡುವೆ ಸಿಕ್ಕಿಕೊಂಡ ಮೇಲೆ ನಾನು ವಿಮಾ ಕಂಪನಿಯೊಡನೆ ನಡೆಸಿದ ಪತ್ರ ವ್ಯವಹಾರ, ಫೋನಿನ ಮಾತು, ವರ್ಕ್‌ಶಾಪಿನ ಓಡಾಟ ಎಲ್ಲವೂ ಕೊನೆಗೆ ಈ ವಾಕ್ಯದ ಸುತ್ತಲೇ ಸುತ್ತಿದವು.

ಕಾರು ನನ್ನ ಹೆಸರಿನಲ್ಲಿತ್ತು. 1200 ಸಿಸಿಯೊಳಗಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, 2021ರ ನವೆಂಬರಿನಲ್ಲಿ ನೋಂದಣಿಯಾದದ್ದು. ನವೀಕರಣದ ವೇಳೆಗೆ ಮೂರು ವರ್ಷ ದಾಟಿದ್ದ ಕಾರಿಗೆ ಕಂಪನಿಯು ಎಂಟು ಲಕ್ಷ ರೂಪಾಯಿಯ ಷೋರೂಂ ಬೆಲೆಯಲ್ಲಿ ಶೇ 40ರಷ್ಟು ಸವಕಳಿ ಕಳೆದು 4,80,000 ರೂಪಾಯಿ ಐಡಿವಿ ನಿಗದಿ ಮಾಡಿತ್ತು. ಸವಕಳಿಯ ಈ ದರಗಳು ಹಳೆಯ ಮೋಟಾರ್ ಟ್ಯಾರಿಫ್‌ನ ಕಾಲದಿಂದ ಬಂದವು: ಆರು ತಿಂಗಳೊಳಗೆ ಶೇ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50; ಅದರಾಚೆಗೆ ಪರಸ್ಪರ ಒಪ್ಪಿದಷ್ಟು. ಆದ್ದರಿಂದ ನಮ್ಮ ಕಾರಿನ ಪಾಲಿಗೆ ಶೇ 75ರ ಗೆರೆ 3,60,000 ರೂಪಾಯಿಗೆ ಬೀಳುತ್ತಿತ್ತು. ಸಹಕಾರ ಪತ್ತಿನ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವುದು ನನ್ನ ವೃತ್ತಿಯಾದ್ದರಿಂದ ಈ ಅಂಕಿಯನ್ನು ಮೊದಲ ದಿನವೇ ಫೈಲಿನ ಮೇಲೆ ಬರೆದಿಟ್ಟುಕೊಂಡೆ.

ಅಪಘಾತದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಿದ್ದೆವು. ನನ್ನ ಪತಿ ಚಾಲನೆ ಮಾಡುತ್ತಿದ್ದರು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿದ ಮೇಲೆ ಮುಂದಿನ ವಾಹನಗಳು ನಿಧಾನವಾದಾಗ ನಾವೂ ನಿಧಾನವಾದೆವು, ಹಿಂದಿನ ಲಾರಿ ಆಗಲಿಲ್ಲ. ಅದು ನಮ್ಮನ್ನು ಮುಂದಿದ್ದ ಲಾರಿಯ ಹಿಂಬದಿಗೆ ತಂದು ಒತ್ತಿತು. ಏರ್‌ಬ್ಯಾಗ್‌ಗಳು ಬಿಚ್ಚಿಕೊಂಡವು. ಪತಿಯ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು, ನನಗೆ ಸೀಟ್ ಬೆಲ್ಟ್ ಎಳೆದ ಬಾಸುಂಡೆ ಬಿಟ್ಟರೆ ಬೇರೇನೂ ಆಗಲಿಲ್ಲ. ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿದಾಗ ಆಂಬುಲೆನ್ಸೂ ಕ್ರೇನೂ ಬಂದವು. ಆ ಕ್ರೇನು ಕಾರನ್ನು ರಸ್ತೆಯಿಂದ ತೆಗೆದು ಬದಿಗೆ ನಿಲ್ಲಿಸುತ್ತದೆಯೇ ಹೊರತು ನಮ್ಮೂರಿನ ವರ್ಕ್‌ಶಾಪಿಗೆ ಮುಟ್ಟಿಸುವುದಿಲ್ಲ.

ಗಾಯವಾಗಿದ್ದರಿಂದ ಎಫ್‌ಐಆರ್ ಆಗಲೇಬೇಕಿತ್ತು. ಲಾರಿ ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳಡಿ ಪ್ರಕರಣ ದಾಖಲಾಯಿತು, ಸ್ಥಳ ಮಹಜರು ನಡೆಯಿತು, ಮೋಟಾರು ವಾಹನ ನಿರೀಕ್ಷಕರು ಬಂದು ಬ್ರೇಕು, ಸ್ಟೀರಿಂಗು ಪರೀಕ್ಷಿಸಿ ವರದಿ ಕೊಡುವವರೆಗೆ ಕಾರು ಠಾಣೆಯ ಆವರಣದಲ್ಲೇ ಉಳಿಯಿತು. ಯಾರಿಗೂ ಗಾಯವಾಗದೆ ಕೇವಲ ವಾಹನ ಜಖಂ ಆಗಿದ್ದಲ್ಲಿ ಬಹುತೇಕ ಪ್ರಕರಣಗಳಲ್ಲಿ ಠಾಣೆಯ ಹಿಂಬರಹ ಸಾಕಾಗುತ್ತದೆ. ಇಲ್ಲಿ ಒಂದು ಮಾತು ಹೇಳಬೇಕು: ದೂರಿನಲ್ಲಿ ಬರೆಸಿದ ಘಟನಾವಳಿಯೂ ವಿಮೆಯ ಕ್ಲೇಮ್ ಫಾರ್ಮಿನಲ್ಲಿ ಬರೆಯುವ ಘಟನಾವಳಿಯೂ ಒಂದೇ ಆಗಿರಬೇಕು. ಸಮಯ, ದಿಕ್ಕು, ಯಾವ ವಾಹನ ಯಾವುದಕ್ಕೆ ಮೊದಲು ತಾಗಿತು, ಚಾಲನೆಯಲ್ಲಿದ್ದವರು ಯಾರು ಎಂಬ ವಿವರಗಳಲ್ಲಿ ಒಂದಕ್ಕೊಂದು ತಾಳೆಯಾಗದಿದ್ದರೆ ತನಿಖಾಧಿಕಾರಿಯನ್ನು ನೇಮಿಸಲು ಕಂಪನಿಗೆ ಅಷ್ಟೇ ಸಾಕು. ದೂರಿನ ಪ್ರತಿಯನ್ನು ಮುಂದಿಟ್ಟುಕೊಂಡೇ ನಾನು ಫಾರ್ಮ್ ತುಂಬಿದೆ.

ಕಂಪನಿಗೆ ಅದೇ ಸಂಜೆ ಆಸ್ಪತ್ರೆಯಿಂದಲೇ ಫೋನ್ ಮಾಡಿ ಕ್ಲೇಮ್ ಸಂಖ್ಯೆ ಪಡೆದಿದ್ದೆ. ಠಾಣೆಯಿಂದ ಬಿಡಿಸಿಕೊಂಡ ಕಾರನ್ನು ಎಲ್ಲಿಗೆ ಒಯ್ಯಬೇಕೆಂಬುದು ಮುಂದಿನ ಪ್ರಶ್ನೆ. ಕಂಪನಿಯ ರಸ್ತೆಬದಿ ನೆರವಿನ ಸೌಲಭ್ಯ ಹತ್ತಿರದ ಅಧಿಕೃತ ವರ್ಕ್‌ಶಾಪಿನವರೆಗೆ, ಎಂದರೆ ಚಿತ್ರದುರ್ಗದವರೆಗೆ ಮಾತ್ರ. ಪಾಲಿಸಿಯ ಮೂಲ ನಿಯಮದಲ್ಲಿ ಸಾಗಣೆಗೆ ಸಿಗುವುದು 1,500 ರೂಪಾಯಿ. ಆದರೂ ಹೆಚ್ಚುವರಿ ಹಣ ನಾವೇ ಕೊಟ್ಟು ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ದಾವಣಗೆರೆಗೇ ತರಿಸಿದೆವು. ದೊಡ್ಡ ನಷ್ಟದ ಕ್ಲೇಮಿನಲ್ಲಿ ನಷ್ಟವನ್ನು ಅಂದಾಜು ಮಾಡುವ ಸರ್ವೇಯರ್ ಬಂದಾಗ ಮಾಲೀಕರು ಎದುರಿಗಿರಬೇಕು. ಅರವತ್ತು ಕಿಲೋಮೀಟರ್ ಆಚೆ ಕಾರು ನಿಂತಿದ್ದರೆ ಸರ್ವೇಯರ್ ಮತ್ತು ವರ್ಕ್‌ಶಾಪಿನ ಮ್ಯಾನೇಜರ್ ಇಬ್ಬರೇ ಮಾತಾಡಿಕೊಂಡು ಮುಗಿಸುತ್ತಾರೆ. ಸಾಗಣೆಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವಾಗಲಿಲ್ಲ ಎಂದೇ ನನ್ನ ಎಣಿಕೆ.

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ನಷ್ಟ ವರದಿಯಾದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ಅವರು 15 ದಿನದೊಳಗೆ ವರದಿ ಕೊಡಬೇಕು, ವರದಿ ಕೈಸೇರಿದ 7 ದಿನದೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ನಮ್ಮ ಸರ್ವೇಯರ್ ನೇಮಕವೇನೋ ಬೇಗ ಆಯಿತು. ವರ್ಕ್‌ಶಾಪಿನವರು ಎಸ್ಟಿಮೇಟ್ ಸಿದ್ಧಪಡಿಸುವುದರಲ್ಲಿ ತಡವಾಯಿತು. ಕೊನೆಗೆ ಅವರು ಕೊಟ್ಟ ಮೊತ್ತ 4,86,000 ರೂಪಾಯಿ. ಕಾರಿನ ಐಡಿವಿಗಿಂತಲೂ ಹೆಚ್ಚು.

ಸರ್ವೇಯರ್ ನಡುವಯಸ್ಸಿನವರು, ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ಮೊದಲು ಚಾಸಿ ನಂಬರಿನ ಮೇಲಿನ ಧೂಳು ಒರೆಸಿ, ಅದರ ಮೇಲೆ ಸೆಲ್ಲೋಟೇಪು ಅಂಟಿಸಿ, ಪೆನ್ಸಿಲಿನ ಸೀಸದಿಂದ ಉಜ್ಜಿ ಅಚ್ಚು ತೆಗೆದು ತಮ್ಮ ಹಾಳೆಗೆ ಅಂಟಿಸಿಕೊಂಡರು. ಮೀಟರಿನ ಓಟ, ಟೈರುಗಳ ಸ್ಥಿತಿ, ನಾಲ್ಕೂ ಮೂಲೆಯ ಫೋಟೋ ಆಯಿತು. ಆಮೇಲೆ ಬಾಗಿಲನ್ನು ಮೆಲ್ಲನೆ ಎತ್ತಿ ಮುಚ್ಚಿ ನೋಡಿದರು; ಮುಂದಿನ ಎಡ ಬಾಗಿಲು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದಿನಲ್ಲಿ ಅವರು ಬೆರಳು ಆಡಿಸಿದರು: ಮೇಲ್ಭಾಗದಲ್ಲಿ ಬೆರಳು ಹೋಗುತ್ತಿತ್ತು, ಕೆಳಭಾಗದಲ್ಲಿ ಉಗುರೂ ಹೋಗುತ್ತಿರಲಿಲ್ಲ. ಆ ಸಂದನ್ನು ನೋಡಿದ ಮೇಲೆ ಬಣ್ಣ ಬಳಿದರೆ ಸರಿಹೋಗುವ ಪೆಟ್ಟು ಇದಲ್ಲವೆಂದು ನನಗೆ ಖಾತ್ರಿಯಾಯಿತು. ಅವರು ಏನೂ ಹೇಳಲಿಲ್ಲ, ಎಸ್ಟಿಮೇಟಿನ ಪಕ್ಕದಲ್ಲಿ ಗುರುತು ಹಾಕುತ್ತ ಹೋದರು.

ಅವರ ತಪಾಸಣಾ ಪಟ್ಟಿಯನ್ನು ನಾನು ಕೇಳಿ ಪಡೆದೆ. ವರ್ಕ್‌ಶಾಪಿನವರು ಅದನ್ನು ತಾವಾಗಿ ತೋರಿಸುವುದಿಲ್ಲ, ಕೇಳಿದರೆ ಇಲ್ಲವೆನ್ನುವುದೂ ಇಲ್ಲ. ಅದರಲ್ಲಿ ಪ್ರತಿಯೊಂದು ಭಾಗದ ಎದುರು ಬದಲಾವಣೆ, ರಿಪೇರಿ, ಅಥವಾ ಅನುಮತಿಯಿಲ್ಲ ಎಂಬ ಗುರುತಿತ್ತು. ಬಂಪರು, ಬಾನೆಟ್ಟು, ಹಿಂದಿನ ಡಿಕ್ಕಿ ಬಾಗಿಲು, ರೇಡಿಯೇಟರು, ಎಸಿ ಕಂಡೆನ್ಸರು ಬದಲಾವಣೆ; ಏಪ್ರನ್ ಮತ್ತು ಎಡ ಕಂಬ ರಿಪೇರಿ. ಇವುಗಳಲ್ಲದೆ ನಾಲ್ಕನೆಯ ಬಗೆಯ ಗುರುತೊಂದಿತ್ತು: ಕೆಪ್ಟ್ ಓಪನ್. ಗೇರ್‌ಬಾಕ್ಸ್, ಮುಂದಿನ ಚಾಸಿ ಲೆಗ್ (ಕಾರಿನ ಚೌಕಟ್ಟಿನ ತೊಲೆ), ಏರ್‌ಬ್ಯಾಗ್ ನಿಯಂತ್ರಕ, ಸೀಟ್ ಬೆಲ್ಟುಗಳ ಎಳೆತದ ಜೋಡಣೆ, ಸ್ಟೀರಿಂಗ್ ರ‍್ಯಾಕ್, ಇವೆಲ್ಲ ಕಾರು ಬಿಚ್ಚಿದ ಮೇಲೆ ನೋಡುವ ಬಾಬುಗಳು. ಬಿಚ್ಚದೆ ಅವುಗಳ ಸ್ಥಿತಿ ತಿಳಿಯದೆಂಬುದು ನಿಜ. ಆದರೆ ಮೊತ್ತದ ಕಾಲಂನಲ್ಲಿ ಅವುಗಳ ಎದುರು ಸೊನ್ನೆ ಇತ್ತು. ಆ ಸೊನ್ನೆಗಳನ್ನೂ ಸೇರಿಸಿ ಕೂಡಿದ ಒಟ್ಟು 3,42,000 ರೂಪಾಯಿ. ಗೆರೆಗಿಂತ 18,000 ಕಡಿಮೆ. ಕಾರು ರಿಪೇರಿಗೆ ಯೋಗ್ಯ ಎಂಬ ಷರಾ ಕೆಳಗಿತ್ತು.

ಮರುದಿನವೇ ವರ್ಕ್‌ಶಾಪಿನ ಮ್ಯಾನೇಜರ್ ಕರೆ ಮಾಡಿ, "ಮೇಡಂ, ಅಪ್ರೂವಲ್ ಬಂದಿದೆ, ಬಂದು ಒಂದು ಸೈನ್ ಮಾಡಿಹೋಗಿ, ಕೆಲಸ ಶುರು ಮಾಡ್ತೀವಿ" ಎಂದರು. ಸಹಿ ಮಾಡಬೇಕಾದದ್ದು ರಿಪೇರಿಗೆ ಒಪ್ಪಿಗೆ ಎಂಬ ವರ್ಕ್ ಆರ್ಡರಿಗೆ. ಸಹಿಯಾಗಿ ಭಾಗಗಳ ಆರ್ಡರು ಹೋದ ಮೇಲೆ, ಕಾರನ್ನು ಬಿಚ್ಚಿದಾಗ ಗೇರ್‌ಬಾಕ್ಸು ಒಡೆದಿರುವುದು ಕಂಡರೆ ಏನಾಗುತ್ತದೆ? ಪೂರಕ ಎಸ್ಟಿಮೇಟ್ ಹೋಗುತ್ತದೆ, ಅದಕ್ಕೆ ಸರ್ವೇಯರ್ ಮತ್ತೆ ಬರುತ್ತಾರೆ, ಮೊತ್ತ ಗೆರೆ ದಾಟಿದರೂ ಅಷ್ಟರೊಳಗೆ ಅರ್ಧ ಕೆಲಸ ಆಗಿರುತ್ತದೆ. ಅರ್ಧ ರಿಪೇರಿಯಾದ ಕಾರನ್ನು ಪೂರ್ಣ ನಷ್ಟವೆಂದು ಘೋಷಿಸಲು ಯಾರಿಗೂ ಮನಸ್ಸಾಗುವುದಿಲ್ಲ: ವರ್ಕ್‌ಶಾಪಿಗೆ ಬಿಲ್ಲು ಬೇಕು, ಕಂಪನಿಗೆ ಫೈಲು ಮುಗಿಯಬೇಕು, ಮಾಲೀಕರಿಗೆ ಕಾರು ಸಿಕ್ಕರೆ ಸಾಕೆನಿಸಿರುತ್ತದೆ. ಆದ್ದರಿಂದ ಬಾಕಿ ಉಳಿಸಿದ ಬಾಬುಗಳು ಇತ್ಯರ್ಥವಾಗುವ ಮುನ್ನ ಸಹಿ ಮಾಡುವುದಿಲ್ಲವೆಂದು ತಿಳಿಸಿದೆ. ಬಾಯಿಮಾತಿನಲ್ಲಿ ಬಿಡದೆ ಕಂಪನಿಗೂ, ಸರ್ವೇಯರಿಗೂ, ವರ್ಕ್‌ಶಾಪಿಗೂ ಒಂದೇ ಇಮೇಲ್‌ ಕಳುಹಿಸಿ, ಕಾರನ್ನು ಬಿಚ್ಚಿ ಮರುತಪಾಸಣೆ ನಡೆಸಬೇಕೆಂದೂ, ಆ ಮೊತ್ತವನ್ನೂ ಸೇರಿಸಿದ ಮೇಲಷ್ಟೇ ಶೇ 75ರ ಲೆಕ್ಕ ಹಾಕಬೇಕೆಂದೂ, ಬಿಚ್ಚುವ ಕೂಲಿಯನ್ನು ಯಾರು ಭರಿಸುತ್ತಾರೆಂದು ಮೊದಲೇ ತಿಳಿಸಬೇಕೆಂದೂ ಬರೆದೆ.

ಉತ್ತರ ಬರಲು ಸಮಯ ಹಿಡಿಯಿತು. ನಡುವೆ ಕರೆ ಮಾಡಿದ ಕಂಪನಿಯ ಪ್ರತಿನಿಧಿಯೊಬ್ಬರು "ಸರ್ವೇಯರ್ ವರದಿಯೇ ಫೈನಲ್, ಮೇಡಂ" ಎಂದರು. ಅದು ಸರಿಯಲ್ಲ. ಸರ್ವೇಯರ್ ಪರವಾನಗಿ ಪಡೆದ ಸ್ವತಂತ್ರ ತಜ್ಞರು, ಅವರ ವರದಿಗೆ ತೂಕವಿದೆ. ಆದರೆ ಅದೇ ಕಟ್ಟಕಡೆಯ ಮಾತಲ್ಲ, ಅದರಿಂದ ಆಚೆ ಹೋಗಲು ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ನಾನು ಇದನ್ನು ವಾದಕ್ಕಾಗಿ ಎತ್ತಲಿಲ್ಲ. ಫೋನಿನಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಎಂದಷ್ಟೇ ಕೇಳಿದೆ. ಬರವಣಿಗೆಯಲ್ಲಿ ಬಂದದ್ದು ಮರುತಪಾಸಣೆಗೆ ಒಪ್ಪಿಗೆ.

ಕಾರು ಬಿಚ್ಚಿದ ದಿನ ನಾನು ಅಲ್ಲೇ ಇದ್ದೆ. ಗೇರ್‌ಬಾಕ್ಸಿನ ಹೊರಕವಚದಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಕೆಳಗೆ ಎಣ್ಣೆ ಜಿನುಗಿ ಮಣ್ಣು ಅಂಟಿಕೊಂಡಿತ್ತು. ಚಾಸಿ ಲೆಗ್ ಒಳಕ್ಕೆ ಮಡಿಸಿತ್ತು. ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ನಿಯಂತ್ರಕವನ್ನೂ ಎಳೆತದ ಬೆಲ್ಟುಗಳನ್ನೂ ಬದಲಾಯಿಸಲೇಬೇಕೆಂದು ತಯಾರಕರ ಸೂಚನೆಯಿದೆ ಎಂದು ವರ್ಕ್‌ಶಾಪಿನವರು ಮುದ್ರಿತ ಹಾಳೆ ತೋರಿಸಿದರು. ಸರ್ವೇಯರ್ ಎಲ್ಲವನ್ನೂ ಫೋಟೋ ತೆಗೆದು, ಕೂಲಿಯ ದರಗಳಲ್ಲಿ ಸಾಕಷ್ಟು ಕಡಿತ ಮಾಡಿ, ಪರಿಷ್ಕೃತ ಮೊತ್ತ 3,91,000 ಎಂದು ಬರೆದರು. ಅವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಕಾಣದ್ದನ್ನು ಮೊದಲ ಸಲ ಅವರು ಬರೆಯಲಿಲ್ಲ, ಕಂಡದ್ದನ್ನು ಎರಡನೆಯ ಸಲ ಬಿಡಲಿಲ್ಲ.

ಇಲ್ಲಿ ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ ಜೀರೋ ಡೆಪ್ ಎಂಬ, ನಮ್ಮ ಪಾಲಿಸಿಯಲ್ಲಿದ್ದ ಹೆಚ್ಚುವರಿ ರಕ್ಷಣೆಯ ಪಾತ್ರವನ್ನು ಹೇಳದಿದ್ದರೆ ಲೆಕ್ಕ ಅಪೂರ್ಣವಾಗುತ್ತದೆ. ಅದಿಲ್ಲದ ಪಾಲಿಸಿಯಲ್ಲಿ ರಬ್ಬರು, ನೈಲಾನು, ಪ್ಲಾಸ್ಟಿಕ್ಕಿನ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗ್ ಇವುಗಳಿಗೆ ಅರ್ಧ ಬೆಲೆ ಕಡಿತ, ಫೈಬರ್ ಗ್ಲಾಸಿಗೆ ಶೇ 30, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ, ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25. ಪೂರ್ಣ ನಷ್ಟದ ವಾಕ್ಯದಲ್ಲಿರುವ "ಪಾಲಿಸಿಯ ನಿಯಮಗಳಿಗೆ ಒಳಪಟ್ಟು" ಎಂಬ ಮಾತನ್ನು ಆಧರಿಸಿ ಕಂಪನಿಗಳು ಈ ಕಡಿತದ ಬಳಿಕದ ಮೊತ್ತವನ್ನೇ ಶೇ 75ರೊಡನೆ ಹೋಲಿಸುತ್ತವೆ. ಜೀರೋ ಡೆಪ್ ಇಲ್ಲದಿದ್ದರೆ ನಮ್ಮ 3,91,000 ಸರಾಗವಾಗಿ ಮೂರು ಲಕ್ಷದ ಆಸುಪಾಸಿಗೆ ಇಳಿಯುತ್ತಿತ್ತು, ಕಾರು ರಿಪೇರಿಗೆ ಹೋಗುತ್ತಿತ್ತು, ಉಳಿದ ಹಣವನ್ನು ನಾವು ಕೈಯಿಂದ ಕೊಡುತ್ತಿದ್ದೆವು. ಚಿಕ್ಕಪುಟ್ಟ ಗೀರುಗಳಿಗಾಗಿ ಜನ ಈ ರಕ್ಷಣೆಯನ್ನು ಕೊಳ್ಳುತ್ತಾರೆ. ಅದರ ನಿಜವಾದ ಬೆಲೆ ತಿಳಿಯುವುದು ಇಂಥ ದೊಡ್ಡ ಪೆಟ್ಟಿನಲ್ಲಿ.

ಗೆರೆ ದಾಟಿತೆಂದ ಮೇಲೆ ಕಂಪನಿಯ ಧೋರಣೆ ಬದಲಾಯಿತು, ಅದಕ್ಕೆ ಕಾರಣ ಗುಜರಿಯ ಬೆಲೆ. ಪೂರ್ಣ ನಷ್ಟದ ಕಾರಿನ ಫೋಟೋಗಳನ್ನು ಕಂಪನಿ ಆನ್‌ಲೈನ್ ಹರಾಜಿಗೆ ಹಾಕುತ್ತದೆ. ಜಖಂ ವಾಹನ ಕೊಳ್ಳುವ ವ್ಯಾಪಾರಿಗಳು ಬೆಲೆ ಕೂಗುತ್ತಾರೆ. ನಮ್ಮ ಕಾರಿಗೆ ಆರ್‌ಸಿ (ನೋಂದಣಿ ಪತ್ರ) ಸಹಿತ 1,35,000, ಆರ್‌ಸಿ ರಹಿತ 78,000 ಎಂದು ಎರಡು ಬೆಲೆ ಬಂದವು. 4,80,000ದಲ್ಲಿ ಕಡ್ಡಾಯ ಕಡಿತವಾದ 1,000 ಕಳೆದರೆ 4,79,000. ಅದರಲ್ಲಿ 1,35,000ವನ್ನು ವ್ಯಾಪಾರಿ ನಮಗೆ ಕೊಟ್ಟರೆ ಕಂಪನಿ ಕೊಡಬೇಕಾದದ್ದು 3,44,000 ಮಾತ್ರ. ಮೊದಲ ತಪಾಸಣೆಯಲ್ಲಿ ರಿಪೇರಿಗೆಂದು ಒಪ್ಪಿದ್ದು 3,42,000. ಹೆಚ್ಚುಕಡಿಮೆ ಅಷ್ಟೇ ಖರ್ಚಿಗೆ ಕಂಪನಿಗೆ ಫೈಲು ಶಾಶ್ವತವಾಗಿ ಮುಗಿಯುತ್ತಿತ್ತು. ಪೂರ್ಣ ನಷ್ಟವನ್ನು ಕಂಪನಿಗಳು ಯಾವಾಗಲೂ ತಪ್ಪಿಸಲು ನೋಡುತ್ತವೆ ಎಂಬ ಮಾತು ಅರ್ಧ ಸತ್ಯ. ಗುಜರಿಗೆ ಒಳ್ಳೆಯ ಬೆಲೆ ಬಂದರೆ ರಿಪೇರಿಗಿಂತ ಅದೇ ಅವರಿಗೆ ಹಗುರ.

ಆ ಹಂತದಲ್ಲಿ ಬಂದ ಇನ್ನೊಂದು ಕರೆಯನ್ನು ಮಾತ್ರ ನಾನು ಅಷ್ಟು ಸಮಾಧಾನದಿಂದ ನೆನೆಯಲಾರೆ. ಕಾರಿನ ಇಂದಿನ ಮಾರುಕಟ್ಟೆ ಬೆಲೆ 4,40,000 ಇರುವುದರಿಂದ ಅಷ್ಟಕ್ಕೆ ಒಪ್ಪಿದರೆ ಈ ವಾರವೇ ಹಣ ಜಮೆಯಾಗುತ್ತದೆ ಎಂದು ಕಂಪನಿಯವರು ಬಹಳ ಮೃದುವಾಗಿ ಹೇಳಿದರು. ಪಾಲಿಸಿ ಪುಸ್ತಕದಲ್ಲಿ ಐಡಿವಿ ಎಂಬ ಶೀರ್ಷಿಕೆಯಡಿ, ಪೂರ್ಣ ನಷ್ಟದ ಸಂದರ್ಭದಲ್ಲಿ ಮತ್ತಾವ ಸವಕಳಿಯನ್ನೂ ಕಳೆಯದೆ ಐಡಿವಿಯನ್ನೇ ಪಾಲಿಸಿ ಅವಧಿಯುದ್ದಕ್ಕೂ ಮಾರುಕಟ್ಟೆ ಮೌಲ್ಯವೆಂದು ಭಾವಿಸಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಆ ಸಾಲುಗಳನ್ನು ಫೋನಿನಲ್ಲೇ ಓದಿ ಹೇಳಿ, ಕಡಿಮೆ ಮೊತ್ತಕ್ಕೆ ಆಧಾರವಾದ ನಿಯಮವನ್ನು ಇಮೇಲ್ ಮಾಡಿ ಎಂದೆ. ಇಮೇಲ್ ಬರಲಿಲ್ಲ, ಆ ಪ್ರಸ್ತಾಪವೂ ಮತ್ತೆ ಬರಲಿಲ್ಲ. ವಿಮೆಯ ಹಣಕ್ಕಾಗಿ ಕಾದು ಕಂತು ಕಟ್ಟುತ್ತ ಕುಳಿತವರಲ್ಲಿ ಎಷ್ಟೋ ಮಂದಿ ಇಂಥ ಕರೆಗೆ ಒಪ್ಪಿಬಿಡುತ್ತಾರೆ.

ಹೀಗೆ ಒಪ್ಪಂದವಾಗದಿದ್ದಲ್ಲಿ ಹೋಗಬೇಕಾದ ದಾರಿಯನ್ನೂ ನಾನು ತಿಳಿದಿಟ್ಟುಕೊಂಡಿದ್ದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ನೋಂದಣಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮರ್ಪಕವಾಗಿಲ್ಲದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಸಂಬಂಧಿಸಿದ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಪತಿಯ ಸೋದರಮಾವನವರು ಬೇರೊಂದು ಸಲಹೆ ಕೊಟ್ಟರು. ಪರಿಚಯದ ಟಿಂಕರಿಂಗ್ ಶೆಡ್ಡಿನಲ್ಲಿ ಎರಡೂವರೆ ಲಕ್ಷಕ್ಕೆ ಕಾರು ಹೊಸದಾಗಿ ನಿಲ್ಲುತ್ತದೆ, ಗುಜರಿಯ ಬೆಲೆ ಕಳೆದು ಉಳಿದದ್ದನ್ನು ಕಂಪನಿಯಿಂದ ತೆಗೆದುಕೊಂಡು ಕಾರನ್ನು ನೀವೇ ಇಟ್ಟುಕೊಳ್ಳಿ ಎಂದರು. ನಿಯಮದಲ್ಲಿ ಇದಕ್ಕೂ ಅವಕಾಶವುಂಟು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಬಾಗಿದ ಚಾಸಿ ಲೆಗ್ಗನ್ನು ಸುತ್ತಿಗೆಯಿಂದ ನೇರ ಮಾಡಿದ ಕಾರಿನಲ್ಲಿ ಮತ್ತೆ ಅದೇ ಹೆದ್ದಾರಿಗೆ ಇಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. "ನಿಮ್ಮಿಷ್ಟಮ್ಮ" ಎಂದು ಅವರು ಸುಮ್ಮನಾದರು.

ನಾನು ಹೆಚ್ಚು ಹೊತ್ತು ಯೋಚಿಸಿದ್ದು ಹಣದ ಬಗ್ಗೆಯಲ್ಲ, ಆರ್‌ಸಿಯ ಬಗ್ಗೆ. ಆರ್‌ಸಿ ಸಹಿತ ಮಾರುವುದೆಂದರೆ ಕಾರು ಎಲ್ಲೋ ರಿಪೇರಿಯಾಗಿ ಮತ್ತೆ ಓಡುತ್ತದೆ. ವರ್ಗಾವಣೆಯಾಗುವ ತನಕ ಸರ್ಕಾರದ ದಾಖಲೆಯಲ್ಲಿ ಮಾಲೀಕಳು ನಾನೇ. ಆ ಅವಧಿಯಲ್ಲಿ ಅದು ಯಾರಿಗಾದರೂ ಗುದ್ದಿದರೆ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಇದಲ್ಲದೆ ಗುಜರಿ ಕಾರಿನ ಚಾಸಿ ನಂಬರನ್ನು ಕದ್ದ ಕಾರಿಗೆ ಕೂರಿಸುವ ದಂಧೆಯೂ ಗೊತ್ತಿರುವುದೇ. ಇನ್ನು ಆರ್‌ಸಿ ರಹಿತ ಮಾರಾಟದಲ್ಲಿ, ವಾಹನ ನಾಶವಾದರೆ ಅಥವಾ ಬಳಕೆಗೆ ಶಾಶ್ವತವಾಗಿ ಬಾರದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆನ್ನುವ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಅನ್ವಯವಾಗುತ್ತದೆ. ಆದರೆ ನಮ್ಮ ಕಾರು ರಿಪೇರಿಗೆ ಬಾರದ್ದಲ್ಲ, ರಿಪೇರಿ ದುಬಾರಿಯಾದದ್ದು. ಕಂಪನಿಯೂ ಆರ್‌ಸಿ ಸಹಿತದ ಬೆಲೆಯನ್ನೇ ಹಿಡಿದು ಕುಳಿತಿತ್ತು, ಏಕೆಂದರೆ ವ್ಯತ್ಯಾಸದ 57,000 ಅವರ ಕೈಯಿಂದ ಹೋಗಬೇಕಿತ್ತು.

ಕೊನೆಗೆ ಆರ್‌ಸಿ ಸಹಿತವೇ ಒಪ್ಪಿದೆ, ನನ್ನ ಷರತ್ತುಗಳ ಮೇಲೆ. ವ್ಯಾಪಾರಿಯ ಕಡೆಯವನು ತಂದಿದ್ದು ಖಾಲಿ ಬಿಟ್ಟ, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳು. "ಎಲ್ಲರೂ ಹಿಂಗೇ ಮಾಡ್ತಾರೆ ಅಕ್ಕ, ಸೈನ್ ಹಾಕಿ ಕೊಡಿ ಸಾಕು" ಎಂದ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆ ಮಾತ್ರ ಸಹಿ ಮಾಡುವೆನೆಂದೆ. ಸ್ವಲ್ಪ ಗೊಣಗಿ, ಯಾರಿಗೋ ಫೋನ್ ಮಾಡಿ, ತುಂಬಿಸಿ ತಂದ. ಅವರ ಗುರುತಿನ ಚೀಟಿಯ ಪ್ರತಿ, ಕಾರು ಒಪ್ಪಿಸಿಕೊಂಡ ದಿನಾಂಕ ಮತ್ತು ಗಂಟೆ ನಮೂದಿಸಿದ ರಸೀದಿ, ಅಲ್ಲಿಂದಾಚೆಗಿನ ಹೊಣೆ ತಮ್ಮದೆಂಬ ಛಾಪಾ ಕಾಗದದ ಮುಚ್ಚಳಿಕೆ ಪಡೆದುಕೊಂಡೆ. ಕಾರು ಲಾರಿ ಏರುವ ಮೊದಲು ಫಾಸ್ಟ್ಯಾಗ್ ಮುಚ್ಚಿಸಿ, ಗಾಜಿನ ಮೇಲಿನ ಚೀಟಿಯನ್ನೂ ಕೆರೆದು ತೆಗೆದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದಗಳನ್ನೂ ತೆಗೆಯಬೇಕು. ಹೆಸರು, ವಿಳಾಸ, ಸಹಿ ಇರುವ ಸರ್ವಿಸ್ ಬಿಲ್ಲುಗಳು ಬೇಡದವರ ಕೈಗೆ ಹೋಗಬಾರದು.

ಬ್ಯಾಂಕಿನ ಸಾಲ ಇನ್ನೂ 1,12,000 ಬಾಕಿ ಇದ್ದುದರಿಂದ ಇಲ್ಲೊಂದು ಗಂಟು ಬಿತ್ತು. ಬ್ಯಾಂಕಿನ ಎನ್‌ಒಸಿ ಇಲ್ಲದೆ ಕಂಪನಿ ಹಣ ಬಿಡುವುದಿಲ್ಲ, ಸಾಲ ತೀರದೆ ಬ್ಯಾಂಕು ಎನ್‌ಒಸಿಯನ್ನೂ ಅಡಮಾನ ತೆರವಿನ 35ನೇ ನಮೂನೆಯನ್ನೂ ಕೊಡುವುದಿಲ್ಲ. ಬಿಚ್ಚುವ ಉಪಾಯ ಸರಳ: ಇಂಥ ದಿನಾಂಕದೊಳಗೆ ಇಷ್ಟು ಮೊತ್ತ ನೇರವಾಗಿ ಸಾಲದ ಖಾತೆಗೆ ಬಂದರೆ ಅಡಮಾನ ತೆರವುಗೊಳಿಸುತ್ತೇವೆ ಎಂಬ ಪತ್ರವನ್ನು ಬ್ಯಾಂಕಿನಿಂದ ಪಡೆದು ಕಂಪನಿಗೆ ಕೊಡುವುದು. ಆ ಪತ್ರದ ಗಡುವು ಮೀರಿದರೆ ಬಡ್ಡಿ ಸೇರಿ ಮೊತ್ತ ಬದಲಾಗುತ್ತದೆ, ಮತ್ತೊಂದು ಪತ್ರ ಬೇಕಾಗುತ್ತದೆ. ಆದ್ದರಿಂದ ಕಂಪನಿಯ ಉಳಿದೆಲ್ಲ ಕಾಗದ ಮುಗಿದ ಮೇಲೆಯೇ ಅದನ್ನು ಕೇಳಬೇಕು. ಕ್ಲೇಮ್ ನಡೆಯುತ್ತಿದೆ ಎಂದು ಕಂತು ನಿಲ್ಲಿಸುವಂತೆಯೂ ಇಲ್ಲ, ನಿಲ್ಲಿಸಿದರೆ ಸಿಬಿಲ್ ಅಂಕಕ್ಕೆ ಪೆಟ್ಟು. ವ್ಯಾಪಾರಿಯ 1,35,000 ಬಂದ ಮೇಲೆ ಕಾರು ಎತ್ತಲು ಬಿಟ್ಟೆವು. ಕಂಪನಿಯಿಂದ ಸಾಗಣೆಯ 1,500 ಸೇರಿ ಬಂದ 3,45,500ರಲ್ಲಿ 1,12,000 ಬ್ಯಾಂಕಿಗೆ, ಉಳಿದ 2,33,500 ನನ್ನ ಖಾತೆಗೆ ಜಮೆಯಾಯಿತು.

ವರ್ಕ್‌ಶಾಪಿನ ಲೆಕ್ಕ ಬೇರೆ. ರಿಪೇರಿ ಮಾಡಿಸದ ಕಾರಿಗೆ ಅವರು ನಿಲುಗಡೆ ಶುಲ್ಕವನ್ನೂ ಎಸ್ಟಿಮೇಟ್ ಮಾಡಿದ ಶುಲ್ಕವನ್ನೂ ಕೇಳುತ್ತಾರೆ. ಬಿಚ್ಚಿದ ಕೂಲಿಯನ್ನು ಕಂಪನಿಯೇ ಭರಿಸಿತು, ನನ್ನ ಇಮೇಲ್ ಅದಕ್ಕೆ ನೆರವಾಯಿತು. ನಿಲುಗಡೆ ಶುಲ್ಕದಲ್ಲಿ ಕಂಪನಿಯ ಉತ್ತರಕ್ಕೆ ಕಾದ ದಿನಗಳನ್ನು ಬಿಡಿಸಲು ಮ್ಯಾನೇಜರೊಡನೆ ಚೌಕಾಸಿ ಮಾಡಬೇಕಾಯಿತು. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಕೈಗೆ ಬಂದ ಹಣದಲ್ಲಿ ಅದೇ ಮಾದರಿಯ ಹೊಸ ಕಾರು ಬರುವುದಿಲ್ಲ. ಖರೀದಿಯ ಪೂರ್ಣ ಬೆಲೆ, ತೆರಿಗೆ ಸಹಿತ, ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಎಂಬ ರಕ್ಷಣೆಯನ್ನು ನಮ್ಮ ಕಂಪನಿ ಮೂರು ವರ್ಷದವರೆಗೆ ಮಾತ್ರ ಮಾರುತ್ತಿತ್ತು. ಅಪಘಾತವಾದದ್ದು ಆ ಅವಧಿ ಮುಗಿದ ಮೇಲೆ. ಮೂರು ವರ್ಷ ಕ್ಲೇಮ್ ಮಾಡದೆ ಗಳಿಸಿದ್ದ ಶೇ 35ರ ನೋ ಕ್ಲೇಮ್ ಬೋನಸ್, ಎಂದರೆ ಪ್ರೀಮಿಯಂನ ರಿಯಾಯಿತಿ, ಕೂಡ ಹೋಯಿತು. ತಪ್ಪು ಲಾರಿಯವನದಾದರೂ ನಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಯೇ. ನಿಯಮವು ತಪ್ಪು ಯಾರದೆಂದು ಕೇಳುವುದಿಲ್ಲ. ಇದು ನನಗೆ ಈಗಲೂ ನ್ಯಾಯವೆನಿಸಿಲ್ಲ.

ವಾಹನ್ ಜಾಲತಾಣದಲ್ಲಿ ನಮ್ಮ ಕೆಎ 17 ನಂಬರನ್ನು ಹಾಕಿ ಆಗಾಗ ನೋಡುತ್ತಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಮಾಲೀಕರ ಹೆಸರು ಬದಲಾಯಿತು. ಇನ್ನು ಉಳಿದಿರುವುದು ಪತಿಯ ಗಾಯಕ್ಕೂ, ನಮ್ಮ ವಿಮೆ ಭರಿಸದ ಸಾಗಣೆ ಮತ್ತು ನಿಲುಗಡೆ ಖರ್ಚಿಗೂ ಲಾರಿಯ ವಿಮಾ ಕಂಪನಿಯಿಂದ ಪರಿಹಾರ ಕೋರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕಿರುವ ಅರ್ಜಿ. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿರುವುದರಿಂದ ಕಾರಿನ ಕ್ಲೇಮ್ ಮುಗಿಯಲೆಂದು ಅದನ್ನು ತಡೆಯಲಿಲ್ಲ. ಅರ್ಜಿಯ ಜೊತೆ ನಮ್ಮ ಕಂಪನಿಯ ಇತ್ಯರ್ಥ ಪತ್ರವನ್ನೂ ಇಟ್ಟಿದ್ದೇವೆ. ಅದೇ ನಷ್ಟವನ್ನು ಎರಡು ಕಡೆ ಕೇಳಿಲ್ಲವೆಂದು ತೋರಿಸಲು ವಕೀಲರು ಅದನ್ನು ಮೊದಲೇ ಕೇಳಿ ಪಡೆದಿದ್ದರು.